ಮೂಲೆಯಲ್ಲೊಂದು ಸಹಿ ಇದ್ರೆ ಸಾಕು

2019ರ ಫೆಬ್ರವರಿಯಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಒಂದು ಹರಾಜಿತ್ತು. ಮಾರಾಟಕ್ಕಿದ್ದದ್ದು ಅಡಾಲ್ಫ್ ಹಿಟ್ಲರ್ ಬಿಡಿಸಿದ್ದು ಎನ್ನಲಾದ ಚಿತ್ರಗಳು. ಹರಾಜಿಗೆ ಮೊದಲೇ ಪೊಲೀಸರು ಬಂದು 63 ಚಿತ್ರ ಜಪ್ತಿ ಮಾಡಿಕೊಂಡು ಹೋದರು. ಎಲ್ಲವೂ ನಕಲಿ ಇರಬಹುದು ಅನ್ನೋ ಅನುಮಾನ. ಕೊನೆಗೆ ಹರಾಜಿಗೆ ಬಂದ ಐದು ಚಿತ್ರಗಳನ್ನು ಯಾರೂ ಕೊಳ್ಳಲಿಲ್ಲ. ಅದಕ್ಕೂ ಹಿಂದಿನ ತಿಂಗಳು ಬರ್ಲಿನ್‌ನಲ್ಲಿ ಇದೇ ಹೆಸರಿನ ಮೂರು ಚಿತ್ರ ಹೀಗೇ ಪೊಲೀಸರ ಪಾಲಾಗಿದ್ದವು.

ಇದೇ ನ್ಯೂರೆಂಬರ್ಗ್‌ನಲ್ಲಿ 2015ರಲ್ಲಿ ಹಿಟ್ಲರ್ ಹೆಸರಿನ 14 ಚಿತ್ರಗಳು ಸುಮಾರು 4 ಲಕ್ಷ ಯೂರೋಗೆ ಹೋಗಿದ್ದವು. ಹಾಗಾಗಿ ನಕಲು ಮಾಡೋರಿಗೆ ಕಾರಣ ಹುಡುಕಬೇಕಿಲ್ಲ.

ಆದರೆ ನನಗೆ ಕುತೂಹಲ ಹುಟ್ಟಿದ್ದು ಬೇರೆ ಕಡೆ. ಇಷ್ಟೊಂದು ನಕಲಿ ಯಾಕೆ ಪತ್ತೆ ಆಗಲ್ಲ?

ನಮ್ಮ ಇಳಕಲ್ ಸೀರೆ ತಗೊಳ್ಳಿ. ಪವರ್‌ಲೂಮ್ ನಕಲು ಮಾರುಕಟ್ಟೆ ತುಂಬ ಇದೆ. ಆದರೂ ತಿಳಿದವರು ಸೀರೆ ತಿರುಗಿಸಿ, ಒಡಲು ಮತ್ತು ಸೆರಗು ಸೇರೋ ಜಾಗದಲ್ಲಿ ಕೊಂಡಿ ಹಾಕಿದ್ದಾರಾ ಅಂತ ನೋಡ್ತಾರೆ. ಅಸಲಿಯ ಗುರುತು ಕೆಲಸದಲ್ಲೇ ಇರುತ್ತೆ. ಹಿಟ್ಲರ್ ಚಿತ್ರದಲ್ಲಿ ಅಂಥ ಗುರುತೇ ಇಲ್ಲ. ವಿಯೆನ್ನಾದ ಕಲಾ ಅಕಾಡೆಮಿ 1907 ಮತ್ತು 1908ರಲ್ಲಿ ಎರಡು ಸಲ ಅವನನ್ನು ಸೇರಿಸಿಕೊಳ್ಳಲಿಲ್ಲ. ಆಮೇಲೆ ಹೊಟ್ಟೆಪಾಡಿಗೆ ಪೋಸ್ಟ್‌ಕಾರ್ಡ್ ನೋಡಿ ಚರ್ಚು, ಕಟ್ಟಡ ಬಿಡಿಸಿ ಮಾರ್ತಿದ್ದ. ಆ ಕಾಲದ ವಿಯೆನ್ನಾದಲ್ಲಿ ಆ ಮಟ್ಟದ ಚಿತ್ರ ಬಿಡಿಸೋರು ಬೇಕಾದಷ್ಟು ಜನ ಇದ್ದರು. ಹಳೇ ಅನಾಮಿಕ ಚಿತ್ರವೊಂದನ್ನು ತಂದು ಮೂಲೆಯಲ್ಲಿ ‘ಎ. ಹಿಟ್ಲರ್’ ಅಂತ ಬರೆದರೆ ಕೆಲಸ ಮುಗೀತು. ಅಲ್ಲಿ ಮಾರಾಟವಾಗೋದು ಸಹಿ ಒಂದೇ.

ಈ ದಂಧೆ ಶುರುವಾಗಿದ್ದು ಹಿಟ್ಲರ್ ಬದುಕಿದ್ದಾಗಲೇ. ರೈನ್‌ಹೋಲ್ಡ್ ಹಾನಿಷ್ ಅಂತ ಒಬ್ಬನಿದ್ದ. ನಿರ್ಗತಿಕರ ಆಶ್ರಯತಾಣದಲ್ಲಿ ಹಿಟ್ಲರ್‌ಗೆ ಪರಿಚಯವಾದವನು. ಇವನು ಬಿಡಿಸೋದು, ಅವನು ಮಾರೋದು, ದುಡ್ಡು ಅರ್ಧ ಅರ್ಧ. ಕೊನೆಗೆ ಜಗಳವಾಗಿ ಹಾನಿಷ್ ಜೈಲಿಗೂ ಹೋಗಿ ಬಂದ. 1930ರ ದಶಕದಲ್ಲಿ ಹಳೇ ಗೆಳೆಯ ಜರ್ಮನಿಯ ಸರ್ವಾಧಿಕಾರಿಯಾದಾಗ ಹಾನಿಷ್ ತಾನೇ ಚಿತ್ರ ಬಿಡಿಸಿ ಹಿಟ್ಲರ್‌ದು ಅಂತ ಮಾರತೊಡಗಿದ. ಸಿಕ್ಕಿಬಿದ್ದ. 1937ರಲ್ಲಿ ವಿಯೆನ್ನಾದಲ್ಲಿ ಬಂಧನದಲ್ಲಿದ್ದಾಗಲೇ ಸತ್ತ.

ಇವನೆಲ್ಲ ಸಣ್ಣ ಆಟಗಾರ. ನಿಜವಾದ ಕಲಾವಿದ ಅಂದ್ರೆ ಕೊನ್ರಾಡ್ ಕುಜಾವ್. ಸ್ಟುಟ್‌ಗಾರ್ಟ್‌ನಲ್ಲಿ ನಾಜಿ ಕಾಲದ ಹಳೇ ಸಾಮಾನಿನ ವ್ಯಾಪಾರ ಮಾಡ್ತಿದ್ದ. ಹಿಟ್ಲರ್ ಚಿತ್ರ ತಾನೇ ಬಿಡಿಸ್ತಿದ್ದ, ಅದು ಅಸಲಿ ಅನ್ನೋ ಪತ್ರವನ್ನೂ ತಾನೇ ಬರೀತಿದ್ದ. ಆಮೇಲೆ ಧೈರ್ಯ ಬಂದು ಹಿಟ್ಲರ್‌ನ ದಿನಚರಿಯನ್ನೇ ಬರೆದ, 60ಕ್ಕೂ ಹೆಚ್ಚು ಸಂಪುಟ! ಹಾಳೆ ಹಳೇದು ಕಾಣಲಿ ಅಂತ ಚಹಾ ಚಿಮುಕಿಸಿದ. ಮುಖಪುಟಕ್ಕೆ ಅಂಟಿಸಿದ ಹಳೇ ಜರ್ಮನ್ ಅಕ್ಷರದಲ್ಲಿ ‘ಎ’ ಬದಲು ‘ಎಫ್’ ಬಿದ್ದಿತ್ತು. ಅದನ್ನೂ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ‘ಸ್ಟರ್ನ್’ ಪತ್ರಿಕೆ ಇದಕ್ಕೆ ಕೊಟ್ಟದ್ದು 93 ಲಕ್ಷ ಮಾರ್ಕ್. 1983ರ ಏಪ್ರಿಲ್ 25ರಂದು ಜಗತ್ತಿಗೆಲ್ಲ ಡಂಗುರ ಸಾರಿತು. ಹನ್ನೊಂದೇ ದಿನಕ್ಕೆ, ಮೇ 6ರಂದು, ಜರ್ಮನಿಯ ರಾಷ್ಟ್ರೀಯ ಪತ್ರಾಗಾರ ಎಲ್ಲವೂ ನಕಲಿ ಅಂತ ಹೇಳಿಬಿಡ್ತು. ಕಾಗದದಲ್ಲಿ ಯುದ್ಧ ಮುಗಿದ ಮೇಲೆ ಬಳಕೆಗೆ ಬಂದ, ಬೆಳ್ಳಗೆ ಕಾಣಿಸೋ ರಾಸಾಯನಿಕ ಸಿಕ್ಕಿತ್ತು.

ಹಾಗಾದ್ರೆ ಮೊದಲು ಪರೀಕ್ಷೆ ಮಾಡಿದ ಕೈಬರಹ ತಜ್ಞರು ಏನು ಮಾಡ್ತಿದ್ದರು? ಅವರಲ್ಲೊಬ್ಬರಿಗೆ ಜರ್ಮನ್ ಭಾಷೆಯೇ ಬರ್ತಿರಲಿಲ್ಲ, ಅದಿರಲಿ. ಅವರಿಗೆ ‘ಇದು ಹಿಟ್ಲರ್‌ನ ಅಸಲಿ ಬರಹ, ಇದರ ಜೊತೆ ಹೋಲಿಸಿ’ ಅಂತ ಕೊಟ್ಟ ಮಾದರಿಗಳಲ್ಲೇ ಕೆಲವು ಕುಜಾವ್ ಬರೆದವಾಗಿದ್ದವು. ಎರಡೂ ಒಂದೇ ಕೈ ಅಂತ ಅವರು ಹೇಳಿದ್ದು ಸರಿಯೇ ಇತ್ತು, ಆ ಕೈ ಮಾತ್ರ ಹಿಟ್ಲರ್‌ದಲ್ಲ. ಟೆಸ್ಟಿಂಗ್ ಕೆಲಸ ಮಾಡಿದವರಿಗೆ ಇದು ಥಟ್ಟನೆ ಹೊಳೆಯುತ್ತೆ. ಕೋಡಿನ ಔಟ್‌ಪುಟ್ಟನ್ನೇ ಎತ್ತಿ ಸರಿಯುತ್ತರದ ಫೈಲಿಗೆ ಹಾಕಿಟ್ಟರೆ ಎಲ್ಲಾ ಟೆಸ್ಟೂ ಪಾಸ್!

ದಿನಚರಿಯೇನೋ ಹನ್ನೊಂದು ದಿನದಲ್ಲಿ ಸತ್ತಿತು. ಚಿತ್ರಗಳು ಹಾಗೆ ಸಾಯಲ್ಲ. ಅದೇ 1983ರಲ್ಲಿ ಬಿಲ್ಲಿ ಪ್ರೈಸ್ ಎಂಬ ಅಮೆರಿಕದ ಸಂಗ್ರಾಹಕ ಹಿಟ್ಲರ್ ಚಿತ್ರಗಳ ದೊಡ್ಡ ಕ್ಯಾಟಲಾಗ್ ತಂದ. ಅದರೊಳಗೆ ಕುಜಾವ್ ಕೈಚಳಕವೂ ಧಾರಾಳವಾಗಿ ಸೇರಿಹೋಗಿದೆ. ಈಗ ಹೊಸದೊಂದು ಚಿತ್ರ ಬಂದರೆ ಕ್ಯಾಟಲಾಗ್ ತೆಗೆದು ‘ನೋಡಿ, ಇಂಥದ್ದೇ ಇಲ್ಲಿದೆ’ ಅನ್ನಬಹುದು. ಎಬರ್‌ಹಾರ್ಡ್ ಯೆಕೆಲ್ ಅಂಥ ಗಂಭೀರ ಇತಿಹಾಸಕಾರರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. 1980ರಲ್ಲಿ ಅವರು ತಂದ ಹಿಟ್ಲರ್‌ನ ಆರಂಭದ ಬರಹಗಳ ಸಂಗ್ರಹದಲ್ಲಿ 76 ಬರಹ ಕುಜಾವ್‌ನವು ಅಂತ ಆಮೇಲೆ ಗೊತ್ತಾಯ್ತು. ಒಂದು ಸಲ ಪುಸ್ತಕದೊಳಗೆ ಹೋಯ್ತಂದ್ರೆ ನಕಲಿಯೇ ಮುಂದಿನ ನಕಲಿಗೆ ಸಾಕ್ಷಿ.

ಇದೆಲ್ಲ ಪರದೇಶದ ಕಥೆ ಅಂದ್ಕೋಬೇಡಿ. ಶಿರೂರಿನವನಾದ ನನಗೆ ಇದನ್ನು ಓದುವಾಗ ನೆನಪಾಗಿದ್ದು ಪಕ್ಕದ ಬಾದಾಮಿ. ಒಂದನೇ ಪುಲಕೇಶಿಯ ಹೆಸರಲ್ಲಿ ಆಲ್ತೆಂ ತಾಮ್ರಪಟ ಅಂತ ಒಂದಿದೆ, ಕೊಲ್ಹಾಪುರ ಕಡೆಯದು. ಶಕ 411, ಅಂದ್ರೆ ಸುಮಾರು ಕ್ರಿ.ಶ. 489ರಲ್ಲಿ ಬಸದಿಯೊಂದಕ್ಕೆ ದಾನ ಕೊಟ್ಟ ಬಗ್ಗೆ ಅದರಲ್ಲಿದೆ. ಆದರೆ ಬಾದಾಮಿಯ ಬಂಡೆ ಮೇಲೆ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳೋ ಶಾಸನದ ವರ್ಷ ಶಕ 465, ಅಂದ್ರೆ 543. ತಾಮ್ರಪಟದ ಪ್ರಕಾರ ಅದಕ್ಕೂ ಐವತ್ತಕ್ಕೂ ಹೆಚ್ಚು ವರ್ಷ ಮೊದಲೇ ಅವನು ಆಳ್ತಿದ್ದ! ಈ ತಾಮ್ರಪಟ ಕೂಟ, ಅಂದ್ರೆ ಸುಳ್ಳು ಶಾಸನ ಅಂತ ಬಂಡೆಯ ಶಾಸನ ಬೆಳಕಿಗೆ ಬರೋದಕ್ಕೂ ಎಷ್ಟೋ ಮೊದಲೇ ಹೇಳಿದವರು ಫ್ಲೀಟ್ ಸಾಹೇಬರು. ಜೆ.ಎಫ್. ಫ್ಲೀಟ್ 1901ರಲ್ಲಿ ಭಾರತದ ಕೂಟ ಶಾಸನಗಳ ಬಗ್ಗೆಯೇ ಲೇಖನ ಬರೆದರು. ಅಂಥವುಗಳಲ್ಲಿ ಗಂಗರ ಹೆಸರಿನವೂ ಸಾಕಷ್ಟಿವೆ. ಮಹಾಭಾರತದ ಜನಮೇಜಯನ ಹೆಸರಲ್ಲೂ ಮಲೆನಾಡಿನಲ್ಲಿ ತಾಮ್ರಪಟ ಸಿಕ್ಕಿದೆ ಅಂದ್ರೆ ನೋಡಿ.

ಪುಲಕೇಶಿಯನ್ನು ಹಿಟ್ಲರ್ ಪಕ್ಕ ಕೂರಿಸ್ತಿಲ್ಲ, ದಯವಿಟ್ಟು ಯಾರೂ ಸಿಟ್ಟಾಗಬೇಡಿ. ನಕಲು ಮಾಡೋರ ಲೆಕ್ಕಾಚಾರ ಒಂದೇ ಅಂತಷ್ಟೇ ಹೇಳಿದ್ದು. ಹೆಸರು ಎಲ್ಲರಿಗೂ ಗೊತ್ತಿರಬೇಕು, ಆ ಹೆಸರಿನವನು ಬಂದು ‘ಇದು ನಂದಲ್ಲ’ ಅನ್ನೋ ಹಾಗಿರಬಾರದು.

‘ನಾಜಿ ಹುಚ್ಚಿನ ಶ್ರೀಮಂತರು ಮೋಸ ಹೋದ್ರೆ ನಮಗೇನು ನಷ್ಟ?’ ಅಂತ ಟೀಮಿನ ಗೆಳೆಯನೊಬ್ಬ ಕೇಳಿದ. ಕುಜಾವ್ ಕಥೆ ಕೇಳಿದವರಿಗೆಲ್ಲ ಹೀಗೇ ಅನ್ನಿಸುತ್ತೆ. ಜೈಲಿಂದ ಬಂದ ಮೇಲೆ ಅವನು ‘ಅಸಲಿ ಕುಜಾವ್ ನಕಲಿ’ ಅಂತಲೇ ಚಿತ್ರ ಮಾರಿದ. 2000ದಲ್ಲಿ ಅವನು ಸತ್ತ ಮೇಲೆ, ಸಂಬಂಧಿ ಅಂತ ಹೇಳಿಕೊಂಡ ಒಬ್ಬಾಕೆ ಅಗ್ಗದ ಚಿತ್ರಗಳಿಗೆ ಅವನ ಸಹಿ ಹಾಕಿ ಮಾರಿ 2010ರಲ್ಲಿ ಶಿಕ್ಷೆಗೊಳಗಾದಳು. ನಕಲಿಯ ನಕಲಿ! ನಗು ಬರುತ್ತೆ, ನಿಜ. ನಮಗಂತೂ ಹಿಟ್ಲರ್ ಅಂದ್ರೆ ಅರ್ಧ ತಮಾಷೆ. ರಜೆ ಕೊಡದ ಮ್ಯಾನೇಜರ್ ಹಿಟ್ಲರ್, ಟಿವಿಯಲ್ಲಿ ಬರ್ತಿದ್ದ ‘ಹಿಟ್ಲರ್ ಕಲ್ಯಾಣ’.

ಆದರೆ ಕುಜಾವ್ ಬರೆದ ದಿನಚರಿಯಲ್ಲಿ ಹಿಟ್ಲರ್ ಎಂಥವನಾಗಿದ್ದ ಗೊತ್ತಾ? ಹೊಟ್ಟೆನೋವು, ಗೆಳತಿಯ ಕಾಟ, ಯೆಹೂದಿಗಳಿಗೆ ಏನಾಗ್ತಿದೆ ಅನ್ನೋದು ಪೂರ್ತಿ ಗೊತ್ತೇ ಇಲ್ಲದ ಬಡಪಾಯಿ. ಚರ್ಚು, ಬೀದಿ, ಹೂದಾನಿಯ ಚಿತ್ರಗಳಲ್ಲೂ ಅದೇ ಮೆತ್ತನೆ ಮನುಷ್ಯ. ಲಕ್ಷಗಟ್ಟಲೆ ದುಡ್ಡು ಕೊಟ್ಟು ಕೆಲವರು ಕೊಳ್ಳೋದು ಆ ಸುಳ್ಳನ್ನೂ ಸೇರಿಸಿ.

ಅಸಲಿ ಚಿತ್ರಗಳ ಜಾಡು ಹಿಡಿದು ಹೋದ್ರೆ ಸಿಗೋ ವ್ಯಕ್ತಿಯೇ ಬೇರೆ. ಸ್ಯಾಮ್ಯುಯೆಲ್ ಮೊರ್ಗೆನ್‌ಸ್ಟರ್ನ್, ವಿಯೆನ್ನಾದ ಯೆಹೂದಿ, ಗಾಜು ಮತ್ತು ಫ್ರೇಮಿನ ವ್ಯಾಪಾರಿ. ಖಾಲಿ ಫ್ರೇಮ್ ಸುಲಭಕ್ಕೆ ಹೋಗಲ್ಲ ಅಂತ ಒಳಗೆ ಹಾಕೋಕೆ ಚಿತ್ರ ಕೊಳ್ತಿದ್ದರು. ಯುವಕ ಹಿಟ್ಲರ್‌ನಿಂದ ಒಳ್ಳೇ ಬೆಲೆ ಕೊಟ್ಟು ಚಿತ್ರ ಕೊಂಡವರಲ್ಲಿ ಅವರು ಮುಖ್ಯರು. ಯಾರಿಗೆ ಮಾರಿದೆ ಅನ್ನೋದನ್ನೂ ಅಚ್ಚುಕಟ್ಟಾಗಿ ಬರೆದಿಡ್ತಿದ್ದರು. ನಾಜಿ ಪಕ್ಷದವರು ಹಿಟ್ಲರ್ ಚಿತ್ರ ಹುಡುಕಿಕೊಂಡು ಹೊರಟಾಗ ನೆರವಾಗಿದ್ದು ಅದೇ ಗಿರಾಕಿಗಳ ಪಟ್ಟಿ.

1939ರ ಆಗಸ್ಟ್‌ನಲ್ಲಿ, ಅಂಗಡಿ ಕಿತ್ತುಕೊಂಡ ಮೇಲೆ, ಮೊರ್ಗೆನ್‌ಸ್ಟರ್ನ್ ಹಳೇ ಪರಿಚಯದ ಮೇಲೆ ಹಿಟ್ಲರ್‌ಗೇ ಪತ್ರ ಬರೆದರು. ದೇಶ ಬಿಟ್ಟು ಹೋಗಲು ಒಂದಿಷ್ಟು ಹಣ ಸಿಗುವ ಹಾಗೆ ಮಾಡಿ ಅಂತಷ್ಟೇ ಕೇಳಿದ್ದು. ಪತ್ರ ಕಚೇರಿಯಿಂದ ಕಚೇರಿಗೆ ತಿರುಗಿ ವಿಯೆನ್ನಾಕ್ಕೇ ವಾಪಸ್ ಬಂದು ಫೈಲ್ ಸೇರಿತು. 1941ರಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಪೋಲೆಂಡಿನ ಲೋಡ್ಜ್ ಘೆಟ್ಟೋಗೆ ಸಾಗಿಸಿದರು. 1943ರಲ್ಲಿ ಮೊರ್ಗೆನ್‌ಸ್ಟರ್ನ್ ಅಲ್ಲೇ ತೀರಿಕೊಂಡರು.