ಎಂಟು ಎಂ.ಬಿ. ಹನ್ನೊಂದಾದದ್ದು ಹೇಗೆ?

ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಪಕ್ಕದ ಬೀದಿಯ ಹುಡುಗಿಯೊಬ್ಬಳು ತಂದೆಯೊಡನೆ ನಮ್ಮ ಮನೆಗೆ ಬಂದಳು. ಆಗಷ್ಟೇ ಪಿಯುಸಿ ಮುಗಿಸಿದ್ದವಳು. ವಿದ್ಯಾರ್ಥಿವೇತನದ ಅರ್ಜಿಯನ್ನು ಇ-ಮೇಲ್‌ನಲ್ಲಿ ಕಳಿಸಬೇಕಿತ್ತು. ಗಡುವು ಅಂದೇ ರಾತ್ರಿ ಹನ್ನೆರಡು ಗಂಟೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಮುಂತಾಗಿ ನಾಲ್ಕು ಫೋಟೋ ಲಗತ್ತಿಸಿ ಎರಡು ಸಲ ಕಳಿಸಿದ್ದಳು. ಎರಡು ಸಲವೂ ಗೋಡೆಗೆ ಎಸೆದ ಚೆಂಡಿನಂತೆ ಪತ್ರ ವಾಪಸು ಬಂದಿತ್ತು.

"ಏನೋ ತಪ್ಪು ಒತ್ತಿದಾಳೆ ಮೇಷ್ಟ್ರೇ, ಹೇಳಿದ ಮಾತು ಕೇಳೋದಿಲ್ಲ" ಎಂದರು ತಂದೆ. "10 ಎಂ.ಬಿ. ಮೀರಬಾರದು ಅಂತ ಬರೆದಿದ್ದಾರೆ ಸರ್. ನಂದು ಎಲ್ಲಾ ಸೇರಿ 8" ಎಂದಳು ಹುಡುಗಿ. ಕಣ್ಣಲ್ಲಿ ನೀರು ತುಂಬಿತ್ತು.

ವಾಪಸು ಬಂದ ಪತ್ರವನ್ನು ಓದಿದೆ. 'ಮೇಲರ್ ಡೀಮನ್' ಎಂಬ ಹೆಸರಿನಿಂದ ಬರುವ ಇಂಥ ಪತ್ರವನ್ನು ಜಾಹೀರಾತೆಂದು ಅಳಿಸಿಬಿಡುವವರೇ ಹೆಚ್ಚು. ಆದರೆ ಕಾಯಿಲೆಯ ಹೆಸರು ಇರುವುದೇ ಅದರಲ್ಲಿ. ಇಂಗ್ಲಿಷ್ ಸಾಲುಗಳ ನಡುವೆ 552 ಎಂಬ ಸಂಖ್ಯೆಯಿತ್ತು. ಪತ್ರ ಮಿತಿಗಿಂತ ದೊಡ್ಡದು ಎಂಬ ವಿವರಣೆಯೂ ಇತ್ತು. ಹುಡುಗಿ ಹೇಳಿದ್ದೂ ನಿಜ, ಯಂತ್ರ ಹೇಳಿದ್ದೂ ನಿಜ. ಅದು ಹೇಗೆ?

ಇ-ಮೇಲ್ ಸಾಗಿಸುವ ನಿಯಮಗಳು 1982ರಲ್ಲಿ ರೂಪುಗೊಂಡಾಗ ಅದರಲ್ಲಿ ಹೋಗುತ್ತಿದ್ದುದು ಬರಿಯ ಇಂಗ್ಲಿಷ್ ಬರಹ. ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ 128 ಸಂಕೇತಗಳು ಸಾಕಾಗಿದ್ದವು. ಆದರೆ ಫೋಟೋದ ಪ್ರತಿ ಬೈಟ್‌ನಲ್ಲಿ 8 ಬಿಟ್‌ಗಳಿದ್ದು, ಅದರ ಬೆಲೆ 0ರಿಂದ 255ರವರೆಗೆ ಏನೂ ಆಗಿರಬಹುದು. ಅಕ್ಷರ ಮಾತ್ರ ಒಯ್ಯುವ ಅಂಚೆಯಣ್ಣನಿಗೆ ಫೋಟೋ ಕೊಡುವುದೆಂತು? ಅಮೆರಿಕದ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ 'ಮೈಮ್' ಎಂಬ ಪದ್ಧತಿಯನ್ನು ರೂಪಿಸಿದರು. ಫೋಟೋಗೆ ಅಕ್ಷರಗಳ ವೇಷ ಹಾಕಿ ಕಳಿಸುವುದು, ಆ ತುದಿಯಲ್ಲಿ ವೇಷ ಕಳಚುವುದು! ಆ ವರ್ಷದ ಮಾರ್ಚ್ 11ರಂದು ಬೋರೆನ್‌ಸ್ಟೈನ್ ತಮ್ಮ ಗಾಯಕ ಗೆಳೆಯರೊಂದಿಗಿನ ಚಿತ್ರವನ್ನೂ ಹಾಡನ್ನೂ ಹೀಗೆ ಕಳಿಸಿದ್ದರು.

ಈ ವೇಷಕ್ಕೆ 'ಬೇಸ್ 64' ಎಂದು ಹೆಸರು. ಇಂಗ್ಲಿಷಿನ ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕಿ 10, ಜೊತೆಗೆ ಕೂಡುವ ಗುರುತು ಮತ್ತು ಓರೆಗೀಟು: ಒಟ್ಟು 64. ಅರುವತ್ತನಾಲ್ಕು ಎಂದರೆ 2ರ 6ನೇ ಘಾತ. ಆದ್ದರಿಂದ ಒಂದೊಂದು ಅಕ್ಷರ 6 ಬಿಟ್‌ಗಳನ್ನಷ್ಟೇ ಹೊರಬಲ್ಲದು. 3 ಬೈಟ್‌ಗಳ 24 ಬಿಟ್‌ಗಳಿಗೆ 4 ಅಕ್ಷರ ಬೇಕು. ಅಂದರೆ ಮೂರು ನಾಲ್ಕಾಗುತ್ತದೆ. 8 ಎಂ.ಬಿ. 10.67 ಆಯಿತು. ಸಾಲಿಗೆ 76 ಅಕ್ಷರ ಜೋಡಿಸಿ, ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಹಾಕುವುದು ವಾಡಿಕೆ; ಅದೂ ಸೇರಿ ಸುಮಾರು 10.95. ಹುಡುಗಿ ಫೈಲನ್ನು ತೂಗಿದ್ದಳು, ಕಚೇರಿಯ ಯಂತ್ರ ವೇಷ ತೊಟ್ಟ ಪತ್ರವನ್ನು ತೂಗಿತ್ತು. ಆದ್ದರಿಂದ ಮಿತಿಯ ಮುಕ್ಕಾಲು ಭಾಗಕ್ಕಿಂತ ತುಸು ಕಡಿಮೆಯೇ ಇರಲಿ ಎಂದು ನೆನಪಿಡಿ.

"ಜಿಪ್ ಮಾಡಿದ್ರೆ ಸರ್?" ಎಂದಳು. ಜೆಪೆಗ್ ಫೋಟೋ ಮೊದಲೇ ಹಿಂಡಿದ ಬಟ್ಟೆ. ಮತ್ತೆ ಹಿಂಡಿದರೆ ಹೆಚ್ಚು ನೀರು ಬಾರದು. ಚಿತ್ರದ ಅಳತೆಯನ್ನೇ ತಗ್ಗಿಸಬೇಕು. 4000 ಗುಣಿಸು 3000 ಚುಕ್ಕೆಗಳಿದ್ದ ಫೋಟೋಗಳನ್ನು 2000 ಗುಣಿಸು 1500ಕ್ಕೆ ಇಳಿಸಿದೆವು. ಉದ್ದಗಲ ಅರ್ಧವಾದರೆ ಚುಕ್ಕೆಗಳು ಕಾಲು ಭಾಗ. ಅಂಕಪಟ್ಟಿಯ ಅಕ್ಷರಗಳು ಓದಲು ಬರುತ್ತವೆಯೇ ಎಂದು ನೋಡಿಕೊಂಡು ಕಳಿಸಿದಾಗ ಹತ್ತು ಗಂಟೆ ದಾಟಿತ್ತು. ಪತ್ರ ಮರಳಿ ಬರಲಿಲ್ಲ.

ಎಲ್ಲ ತೊಂದರೆಯೂ ಗಾತ್ರದ್ದಲ್ಲ. ಪತ್ರ ತಲುಪಿಯೂ ಲಗತ್ತು ತೆರೆಯದಿದ್ದರೆ ಫೈಲಿನ ಬಗೆಯನ್ನು ನೋಡಿ. ಹೆಸರಿನ ಕೊನೆಯ ಜೆಪಿಜಿಯನ್ನು ಅಳಿಸಿ ಪಿಡಿಎಫ್ ಎಂದು ಬರೆದರೆ ಫೋಟೋ ಪಿಡಿಎಫ್ ಆಗದು. ಡಬ್ಬಿಯ ಚೀಟಿ ಬದಲಿಸಿದರೆ ಅಕ್ಕಿ ಬೇಳೆಯಾದೀತೇ? ಇಎಕ್ಸ್‌ಇ ಎಂದು ಕೊನೆಗೊಳ್ಳುವ ಫೈಲುಗಳನ್ನು ವೈರಸ್ ಭಯದಿಂದ ಜಿಮೇಲ್ ತಡೆಯುತ್ತದೆ. ಲಗತ್ತು ಪೂರ್ತಿ ಏರದೆ ನಿಂತರೆ ಇಂಟರ್‌ನೆಟ್ ಸಂಪರ್ಕದ ಮೇಲೆ ಸಂಶಯಪಡಿ. ಮುಖ್ಯವಾದ ಪತ್ರವನ್ನು ಮೊದಲು ನಿಮಗೆ ನೀವೇ ಕಳಿಸಿ, ತೆರೆದು ನೋಡಿ.

ವೇಷವನ್ನು ಕಣ್ಣಾರೆ ಕಾಣಬೇಕೆ? ಚಿಕ್ಕದೊಂದು ಜೆಪೆಗ್ ಫೋಟೋವನ್ನು ನಿಮಗೇ ಕಳಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಪತ್ರದ ಮೂರು ಚುಕ್ಕೆ ಒತ್ತಿ 'ಶೋ ಒರಿಜಿನಲ್' ಆರಿಸಿ. ಕೆಳಗೆ ಅಕ್ಷರಗಳ ಕಾಡೇ ಇರುತ್ತದೆ. ಅದರ ಮೊದಲು ಓರೆಗೀಟು, 9, ಚಿಕ್ಕಕ್ಷರದ ಜೆ, ಮತ್ತೆ ಓರೆಗೀಟು ಕಾಣಬೇಕು. ಜೆಪೆಗ್ ಫೋಟೋದ ಮೊದಲ ಮೂರು ಬೈಟ್‌ಗಳು 255, 216, 255. ಇವನ್ನು ದ್ವಿಮಾನದಲ್ಲಿ ಬರೆದು ಆರಾರು ಬಿಟ್‌ಗಳಾಗಿ ಒಡೆದರೆ 63, 61, 35, 63 ಬರುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಕೂಡುವ ಗುರುತು, ಓರೆಗೀಟು ಎಂಬ ಕ್ರಮದಲ್ಲಿ ಸೊನ್ನೆಯಿಂದ ಎಣಿಸಿ ತಾಳೆ ನೋಡಿ.

ತಂದೆ-ತಾಯಿಯರಿಗೆ ಒಂದು ಮಾತು. ಆ ಹುಡುಗಿ ತಪ್ಪು ಒತ್ತಿರಲಿಲ್ಲ. ಬರೆದಿದ್ದ ನಿಯಮವನ್ನು ಸರಿಯಾಗಿಯೇ ಪಾಲಿಸಿದ್ದಳು. ಯಂತ್ರ ಬೇಡವೆಂದಾಗ ಮಕ್ಕಳನ್ನು ಗದರುವ ಮೊದಲು, ಯಂತ್ರ ಏಕೆ ಬೇಡವೆಂದಿತು ಎಂದು ಅವರ ಜೊತೆ ಕುಳಿತು ಓದಿ. ಅರ್ಜಿ ಕಳಿಸುವುದನ್ನು ಕೊನೆಯ ರಾತ್ರಿಗೆ ಉಳಿಸದಿದ್ದರೆ ಇನ್ನೂ ಒಳ್ಳೆಯದು.