ತಂಡವನ್ನು ಹೊರಗೆ ಕರೆದೊಯ್ಯುವ ಹಕ್ಕು

ಅನ್ಯಾಯವಾಯಿತು ಎನಿಸಿದಾಗ ಕೋಚ್ ತನ್ನ ಹುಡುಗರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋಗಬಹುದೇ? ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಜಾತ್ರೆಯ ಹೊನಲು ಬೆಳಕಿನ ಕಬಡ್ಡಿ ನೋಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಬೋನಸ್ ಗೆರೆ ದಾಟಿದನೋ ಇಲ್ಲವೋ ಎಂದು ಜಗಳ ಹತ್ತುತ್ತದೆ. ತಂಡದ ಹಿರಿಯರೊಬ್ಬರು "ನಡೀರಿ, ಆಡೂದು ಬ್ಯಾಡ" ಅಂದರೆ ಪಂದ್ಯ ಅಲ್ಲಿಗೇ ಮುಗಿಯಿತು. ಹಾಗೆ ಎದ್ದು ಹೋಗುವುದನ್ನು ನಮ್ಮಲ್ಲಿ ಊರಿನ ಮರ್ಯಾದೆ ಉಳಿಸಿದ ಕೆಲಸ ಎಂದೇ ಹಲವರು ತಿಳಿಯುತ್ತಾರೆ.

2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಆದದ್ದೂ ಇದೇ. ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ಪ್ಲೇ ಆಫ್, ಬೆಂಗಳೂರು ಎಫ್‌ಸಿ ಎದುರು ಕೇರಳ ಬ್ಲಾಸ್ಟರ್ಸ್. 90 ನಿಮಿಷ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಆಟದ ಆರನೇ ನಿಮಿಷದಲ್ಲಿ, ಬ್ಲಾಸ್ಟರ್ಸ್ ಗೋಡೆ ಕಟ್ಟಿ ನಿಲ್ಲುವ ಮೊದಲೇ, ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಹೊರಗೆ ಕರೆದರು.

ಇವರು ಸಿಟ್ಟಿನ ಎಳೆಯ ಕೋಚ್ ಅಲ್ಲ. ಸೆರ್ಬಿಯಾದವರು, ರೆಡ್ ಸ್ಟಾರ್, ಬೋರ್ಡೊ ತಂಡಗಳಲ್ಲಿ ರಕ್ಷಣೆಯ ಆಟ ಆಡಿದವರು, ಬೆಲ್ಜಿಯಂನ ಸ್ಟಾಂಡರ್ಡ್ ಲಿಯೇಜ್‌ಗೆ ತರಬೇತಿ ಕೊಟ್ಟವರು. 2020-21ರಲ್ಲಿ ಹತ್ತನೇ ಸ್ಥಾನಕ್ಕೆ ಕುಸಿದಿದ್ದ ಬ್ಲಾಸ್ಟರ್ಸ್ ಅನ್ನು ಮರುವರ್ಷವೇ ಫೈನಲ್‌ಗೆ ಒಯ್ದವರು. ಅವರ ಮೇಲೆ ನನಗೆ ಗೌರವವಿದೆ. ಆದ್ದರಿಂದಲೇ ಅಂದಿನ ನಿರ್ಧಾರ ನೋವು ತರುತ್ತದೆ. ಸೀಟಿ ಊದುವವರೆಗೂ ಜಾಗ ಬಿಡದಿರುವುದೇ ರಕ್ಷಣೆಯ ಆಟಗಾರನ ಮೊದಲ ಪಾಠ.

ಅವರ ಪರವಾಗಿ ಹೇಳಬೇಕಾದದ್ದೂ ಇದೆ. ಲೀಗ್‌ನಲ್ಲಿ ವಿಡಿಯೊ ರೆಫರಿ ಇರಲಿಲ್ಲ. ಮೈದಾನದಲ್ಲಿ ಕೊಟ್ಟ ತೀರ್ಪನ್ನು ಅಲ್ಲೇ ಮರುಪರಿಶೀಲಿಸುವ ದಾರಿಯೇ ಇಲ್ಲದಾಗ ಮನುಷ್ಯ ಏನು ಮಾಡಬೇಕು? ಕೊಚ್ಚಿಗೆ ಮರಳಿದಾಗ ಅಭಿಮಾನಿಗಳು ಅವರನ್ನು ವೀರನಂತೆ ಬರಮಾಡಿಕೊಂಡರು. ಆ ಪ್ರೀತಿ ಸುಳ್ಳಲ್ಲ.

ಆದರೆ ಆಟ ಇನ್ನೂ 24 ನಿಮಿಷ ಬಾಕಿ ಇತ್ತು, ಅಂತರ ಒಂದೇ ಗೋಲು. ಆ 24 ನಿಮಿಷ ಆಟಗಾರರದ್ದು, ಕೋಚ್‌ನದ್ದಲ್ಲ. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಆಡಿ ಸೋತು ದೂರು ಕೊಟ್ಟಿದ್ದರೆ ಚರ್ಚೆ ಆ ಫ್ರೀ ಕಿಕ್ ಮೇಲೆ, ರೆಫರಿ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. ಎದ್ದು ಹೋದದ್ದರಿಂದ ಎದ್ದು ಹೋದದ್ದೇ ಚರ್ಚೆಯಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ ಮತ್ತು 5 ಲಕ್ಷ ದಂಡ. ಅವರು ಕ್ಷಮೆ ಕೇಳಿದರು. ಅನ್ಯಾಯಕ್ಕೊಳಗಾದೆ ಎಂದವರೇ ತಪ್ಪಿತಸ್ಥರ ಕಟಕಟೆಯಲ್ಲಿ ನಿಂತರು.

ನಮ್ಮ ಹಳ್ಳಿಗಳಲ್ಲೂ ಹೀಗೇ ಆಗುತ್ತದೆ. ಎದ್ದು ಹೋದ ತಂಡದ ದೂರು ನಿಜವಿದ್ದರೂ ಅದನ್ನು ಕೇಳುವವರಿಲ್ಲ. ಉಳಿಯುವುದು ಎರಡು ಊರುಗಳ ನಡುವಿನ ಸಿಟ್ಟು ಮಾತ್ರ. ವರ್ಷವಿಡೀ ಕಬ್ಬಿನ ಗದ್ದೆಯ ಕೆಲಸ ಮುಗಿಸಿ ಸಂಜೆ ತಾಲೀಮು ಮಾಡಿದ ಹುಡುಗನಿಗೆ ಆಡುವ ಅವಕಾಶವೇ ತಪ್ಪುತ್ತದೆ.

ವುಕೊಮನೊವಿಚ್ ನಿಷೇಧ ಮುಗಿಸಿ 2023ರ ಅಕ್ಟೋಬರ್ 27ರಂದು ಒಡಿಶಾ ವಿರುದ್ಧ ಮತ್ತೆ ತಂಡದ ಬಳಿ ನಿಂತರು, ಬ್ಲಾಸ್ಟರ್ಸ್ 2-1ರಿಂದ ಗೆದ್ದಿತು. ಆದರೆ ಆ 24 ನಿಮಿಷ ಮರಳಿ ಬರಲಿಲ್ಲ. ನಿಪ್ಪಾಣಿ, ಕಾಗವಾಡ ಕಡೆಯ ಪಂದ್ಯಾವಳಿ ಸಮಿತಿಗಳು ಈ ಪ್ರಕರಣವನ್ನು ನೆನಪಿಟ್ಟು ಎರಡು ನಿಯಮ ಮಾಡಿಕೊಳ್ಳಲಿ: ಒಂದು, ದೂರನ್ನು ನಾಯಕ ಬರೆದು ಕೊಡಬೇಕು, ಸಮಿತಿ ಅಂದೇ ಮೊಬೈಲ್ ವಿಡಿಯೊ ನೋಡಿ ಉತ್ತರ ಹೇಳಬೇಕು; ಎರಡು, ತಂಡವನ್ನು ಎಬ್ಬಿಸಿಕೊಂಡು ಹೋದ ಹಿರಿಯರಿಗೆ ಮುಂದಿನ ವರ್ಷ ಅಂಕಣದ ಬದಿಗೆ ಪ್ರವೇಶವಿರಬಾರದು, ಹುಡುಗರಿಗೆ ಇರಬೇಕು.