ರಾತ್ರಿಶಾಲೆಯ ಸುಧಾರಣೆ ಎಲ್ಲಿಂದ?

ಮುಂಬಯಿಯಲ್ಲಿ ಮೊಗವೀರ ಬಂಧುಗಳು 1908ರಲ್ಲಿ ರಾತ್ರಿಶಾಲೆ ತೆರೆದಂದಿನಿಂದ ನಮ್ಮ ದುಡಿಯುವ ಹುಡುಗರಿಗೆ ಅಕ್ಷರ ಕೊಟ್ಟದ್ದು ಇಂಥ ಶಾಲೆಗಳೇ. ಆದರೆ ಫಲಿತಾಂಶ ಇಳಿಯಿತೆಂದರೆ ಸಾಕು, ಕಮಿಟಿಯವರು ಮಾಸ್ತರರನ್ನು ಕರೆದು ಗದರಿಸುತ್ತಾರೆ. ಹೆಚ್ಚು ಪಾಠ, ಹೆಚ್ಚು ಪರೀಕ್ಷೆ ಎಂದು ಠರಾವು ಪಾಸಾಗುತ್ತದೆ. ಹೆಚ್ಚು ಪಾಠಕ್ಕೆ ಹೊತ್ತೆಲ್ಲಿದೆ? ಹುಡುಗ ಕೈಗೆ ಸಿಗುವುದೇ ಎರಡು ಮೂರು ತಾಸು. ಅದರಲ್ಲಿ ಅರ್ಧ ತಾಸು ತೂಕಡಿಕೆಯ ಪಾಲು. (ನಾವೂ ತೂಕಡಿಸಿದವರೇ.)

ಎಂಟನೆಯ ಇಯತ್ತೆಗೆ ಬಂದವನು ನಾಲ್ಕನೆಯದರ ಪಾಠವನ್ನು ತಡೆಯದೆ ಓದಬಲ್ಲನೇ, ಭಾಗಾಕಾರ ಬರುತ್ತದೆಯೇ ಎಂದು ಸೇರಿದ ವಾರವೇ ನೋಡಬೇಕು. ಬಾರದವರನ್ನು ಮೂರು ತಿಂಗಳು ಬೇರೆ ಕೂರಿಸಿ ಓದು, ಲೆಕ್ಕ ಇವೆರಡನ್ನೇ ಕಲಿಸಲಿ. ಇತಿಹಾಸ ಎಲ್ಲಿಗೂ ಓಡಿಹೋಗುವುದಿಲ್ಲ. ಇದೇನೂ ನಮ್ಮ ಹೊಸ ಶೋಧವಲ್ಲ. ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು, ಹದಿನಾಲ್ಕು ದಾಟಿದರೂ ಎಂಟನೆಯದು ಮುಗಿಯುವತನಕ ಫೀಸು ಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ಹೇಳುತ್ತದೆ.

ಇನ್ನು ಹಾಜರಿ. ಯಾರು ಬರಲಿಲ್ಲ ಎಂಬುದರ ಜೊತೆಗೆ ಏಕೆ ಬರಲಿಲ್ಲ ಎಂಬುದನ್ನೂ ಪುಸ್ತಕದಲ್ಲಿ ಬರೆಯಲಿ. ತಿಂಗಳ ಕೊನೆಗೆ ತೆಗೆದು ನೋಡಿದರೆ ಗಿರಾಕಿ ಹೆಚ್ಚಿದ ದಿನಗಳಲ್ಲೇ ಬೆಂಚು ಖಾಲಿಯಿದ್ದುದು ಕಂಡೀತು. ಆ ಕೀಲಿ ಮಾಸ್ತರರ ಬಳಿ ಇಲ್ಲ, ಗಲ್ಲಾದಲ್ಲಿ ಕುಳಿತವರ ಬಳಿ ಇದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಶಾಲು ಹೊದೆಯುವ ಮಾಲಕರು ಪರೀಕ್ಷೆಯ ಮುಂಚಿನ ಎರಡು ತಿಂಗಳಾದರೂ ಹುಡುಗರನ್ನು ಸಂಜೆ ಆರಕ್ಕೆ ಬಿಡಲಿ. ಮುಂದಿನ ಕಮಿಟಿ ಸಭೆಯಲ್ಲಿ ಈ ಮಾತನ್ನು ನಾವು ಎತ್ತುವವರಿದ್ದೇವೆ.